ನಿಘಂಟಿನೊಳಗೆ ಯಾರ ಬಾಯಿ?

ಡಾ. ಯು.ಪಿ. ಉಪಾಧ್ಯಾಯರ ತುಳು ಬದುಕು: ಒಂದು ಮರುಓದು

1

ಭಾಷೆಯೊಂದಕ್ಕಾಗಿ ಬದುಕು ಸವೆಸಿದ ವಿದ್ವಾಂಸರನ್ನು ನೆನೆಯಲು ನಮ್ಮಲ್ಲೊಂದು ಸಿದ್ಧ ನುಡಿಗಟ್ಟಿದೆ: ತಾಯಿನುಡಿಯ ಸೇವೆ. ಈ ಮಾತು ಬಂದ ಕೂಡಲೇ ವಿಮರ್ಶೆ ಕೈಕಟ್ಟಿ ನಿಂತುಬಿಡುತ್ತದೆ. ತಾಯಿಯ ಸೇವೆ ಮಾಡಿದವರನ್ನು ಪ್ರಶ್ನಿಸುವುದು ಹೇಗೆ? ಆದರೆ ಜಾತಿಯ ಸಮಾಜದಲ್ಲಿ ತಾಯಿನುಡಿಯೂ ಎಲ್ಲರಿಗೂ ಒಂದೇ ಜಾಗದಲ್ಲಿ ಸಿಕ್ಕುವುದಿಲ್ಲ. ಅದೇ ನುಡಿಯನ್ನು ಒಬ್ಬ ಚಾವಡಿಯಲ್ಲಿ ಕೂತು ಆಡುತ್ತಾನೆ, ಇನ್ನೊಬ್ಬ ಅಂಗಳದ ಆಚೆ ನಿಂತು ಆಡುತ್ತಾನೆ. ಹಾಗಾಗಿ ದಲಿತ ವಿಮರ್ಶೆ ಯಾವ ಭಾಷಾಪ್ರೇಮಿಯ ಮುಂದಾದರೂ ಇಡಬೇಕಾದ ಮೊದಲ ಪ್ರಶ್ನೆ ಇದು: ನೀವು ಪ್ರೀತಿಸಿದ ಭಾಷೆ ಯಾರ ಬಾಯಿಯದು?

ಈ ಪ್ರಶ್ನೆಯನ್ನು ನಾನು ಡಾ. ಯು.ಪಿ. ಉಪಾಧ್ಯಾಯರ ಬದುಕಿಗೆ ಕೇಳಬೇಕೆಂದಿದ್ದೇನೆ. ಅವರು ಹುಟ್ಟಿದ್ದು 1932ರಲ್ಲಿ, ಕಾಪುವಿನ ಹತ್ತಿರದ ಮಜೂರಿನಲ್ಲಿ. ತೀರಿಕೊಂಡದ್ದು 2020ರ ಜುಲೈಯಲ್ಲಿ. ಈ ನಡುವೆ ಅವರು ಮಾಡಿದ ದೊಡ್ಡ ಕೆಲಸ ತುಳು ನಿಘಂಟು. ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ 1949ರಲ್ಲಿ ಉಡುಪಿಯಲ್ಲಿ ಕಟ್ಟಿದ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಪ್ರೊ. ಕು.ಶಿ. ಹರಿದಾಸ ಭಟ್ಟರ ಮುಂದಾಳುತನದಲ್ಲಿ 1979ರಲ್ಲಿ ಅಲ್ಲಿ ಶುರುವಾದ ನಿಘಂಟಿನ ಮೊದಲ ಸಂಪುಟ 1988ರಲ್ಲಿ ಬಂತು. ಆರನೆಯದೂ ಕೊನೆಯದೂ ಆದ ಸಂಪುಟ ಬಂದದ್ದು 1997ರಲ್ಲಿ. ಹದಿನೆಂಟು ವರ್ಷ. ಒಬ್ಬ ಮನುಷ್ಯ ಹುಟ್ಟಿ ಓಟಿನ ಹಕ್ಕು ಪಡೆಯುವಷ್ಟು ಕಾಲ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ತುಳುವಿನ ಹೆಸರಿನಲ್ಲಿ ಇಂದು ಜೈಕಾರ ಹಾಕುವ ಹಲವರಿಗಿಂತ ಉಪಾಧ್ಯಾಯರ ಕೆಲಸ ದಲಿತರಿಗೆ ಹತ್ತಿರದ್ದು. ಯಾಕೆಂದರೆ ಅದು ನಮ್ಮ ಬಾಯನ್ನು ಭಾಷೆ ಅಂತ ಒಪ್ಪಿಕೊಂಡಿತು. ಆದರೆ ಬಾಯಿ ಒಳಗೆ ಹೋದಷ್ಟು ಸಲೀಸಾಗಿ ಕೈ ಒಳಗೆ ಹೋಗಲಿಲ್ಲ. ಮಾತು ಕೊಟ್ಟವರು ನಾವು, ಬರೆದವರು ಬೇರೆಯವರು. ಈ ಅಂತರವನ್ನು ಅಳೆಯದೆ ಅವರನ್ನು ಹೊಗಳುವುದೂ ಸುಲಭ, ಬೈಯುವುದೂ ಸುಲಭ.

2

ಉಪಾಧ್ಯಾಯರು ಬ್ರಾಹ್ಮಣ ಮನೆತನದಲ್ಲಿ ಹುಟ್ಟಿ ಸಂಸ್ಕೃತ ಓದಿದವರು. ಆ ದಾರಿಯಲ್ಲೇ ಮುಂದೆ ಹೋಗಿದ್ದರೆ ಇನ್ನೊಬ್ಬ ಪಂಡಿತರಾಗುತ್ತಿದ್ದರು. ಅವರನ್ನು ಬೇರೆ ದಾರಿಗೆ ಎಳೆದದ್ದು ಭಾಷಾವಿಜ್ಞಾನ. 1960ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜು ಕನ್ನಡದ ಆಡುನುಡಿಗಳ ಸಮೀಕ್ಷೆಗೆ ಇಳಿದಿತ್ತು. ಉಪಾಧ್ಯಾಯರು ನಂಜನಗೂಡು ಸೀಮೆಯ ಕನ್ನಡವನ್ನು ಹಿಡಿದರು. ಆಮೇಲೆ ಬಳ್ಳಾರಿ, ಗುಲ್ಬರ್ಗ, ಕುಮಟಾ, ನಂಜನಗೂಡು ಈ ನಾಲ್ಕು ಸೀಮೆಗಳ ಮಾತನ್ನು ಹೋಲಿಸಿ ಪುಸ್ತಕ ಬರೆದರು.

ಪಂಡಿತನಿಗೂ ಭಾಷಾವಿಜ್ಞಾನಿಗೂ ಒಂದು ಮೂಲಭೂತ ವ್ಯತ್ಯಾಸ ಇದೆ. ಪಂಡಿತ ಸರಿ-ತಪ್ಪು ಹೇಳುತ್ತಾನೆ. ಭಾಷಾವಿಜ್ಞಾನಿ 'ಇಲ್ಲಿ ಹೀಗೆ, ಅಲ್ಲಿ ಹಾಗೆ' ಅಂತಷ್ಟೇ ಹೇಳಬೇಕು. ಅವನ ಶಾಸ್ತ್ರದಲ್ಲಿ ಅಶುದ್ಧ ಎಂಬ ಪದಕ್ಕೆ ಜಾಗವಿಲ್ಲ. ಜಾತಿಯ ಸಮಾಜದಲ್ಲಿ ಇದೇನೂ ಸಣ್ಣ ಮಾತಲ್ಲ. ಮೈಲಿಗೆ ನಮ್ಮ ಮೈಗೆ, ನಾವು ಮುಟ್ಟಿದ ನೀರಿಗೆ ಅಂಟಿದ ಹಾಗೆ ನಾವು ಆಡಿದ ಮಾತಿಗೂ ಅಂಟಿಕೊಂಡಿದೆ. ಆ ಮಾತನ್ನು ಮೈಲಿಗೆಯ ಲೆಕ್ಕದಿಂದ ಹೊರಗೆ ತಂದು ಧ್ವನಿ, ಪ್ರತ್ಯಯ, ಅರ್ಥ ಎಂದು ನೋಡುವುದು ಒಂದು ಬಿಡುಗಡೆಯೇ ಹೌದು. ಅದು ಅರ್ಧ ಬಿಡುಗಡೆ ಎಂಬುದನ್ನೂ ಇಲ್ಲೇ ಗಮನಿಸಬೇಕು. ಅದೇ ನಂಜನಗೂಡು ತಾಲೂಕಿನ ದೇವನೂರಿನಿಂದ ಬಂದ ಮಹಾದೇವರು 1984ರಲ್ಲಿ 'ಕುಸುಮಬಾಲೆ' ಪ್ರಕಟಿಸಿದರು. ಆ ಸೀಮೆಯ ಮಾತಿನ ಲಯ ಮತ್ತು ವ್ಯಾಕರಣ ಏನು ಎಂಬುದು ಭಾಷಾವಿಜ್ಞಾನಿಯ ಪುಸ್ತಕದಿಂದ ಗೊತ್ತಾಗಬಹುದು. ಆ ಮಾತಿನಲ್ಲಿ ಎಂಥಾ ದುಃಖ, ಎಂಥಾ ಕನಸು ಹಿಡಿಯುತ್ತದೆ ಎಂಬುದು ಗೊತ್ತಾದದ್ದು ಆ ಮಾತಿನೊಳಗೇ ಹುಟ್ಟಿದವನು ಬರೆದಾಗ. ಭಾಷೆಯ ವಿವರಣೆ ಬೇರೆ, ಭಾಷೆಯ ಅಧಿಕಾರ ಬೇರೆ.

3

ತುಳುವಿಗೆ ಬರೋಣ. ತುಳುವನ್ನು ಎತ್ತಿಹಿಡಿದವರಲ್ಲಿ ಉಪಾಧ್ಯಾಯರು ಮೊದಲಿಗರಲ್ಲ. ಬಾಸೆಲ್ ಮಿಶನ್ನಿನ ಮ್ಯಾನರ್ 1886ರಲ್ಲೇ ಮಂಗಳೂರಿನಿಂದ ತುಳು-ಇಂಗ್ಲಿಷ್ ನಿಘಂಟು ತಂದಿದ್ದರು. ಉಡುಪಿಯ ಎಸ್.ಯು. ಪಣಿಯಾಡಿಯವರು 1932ರಲ್ಲಿ ತುಳು ವ್ಯಾಕರಣ ಬರೆದರು. ಹಾಗಿದ್ದರೂ ತುಳು ಅಂದರೆ ಯಾವ ತುಳು ಎಂಬ ಪ್ರಶ್ನೆ ಬಾಕಿಯೇ ಇತ್ತು. ಕನ್ನಡದ 'ಇಲ್ಲ' ಎಂಬುದಕ್ಕೆ ಹೆಚ್ಚಿನವರು 'ಇಜ್ಜಿ' ಅಂದರೆ ಬ್ರಾಹ್ಮಣರು 'ಇದ್ದಿ' ಅನ್ನುತ್ತಾರೆ. ನೋಡುವುದಕ್ಕೆ ಒಬ್ಬರು 'ತೂ' ಅಂದರೆ ಇನ್ನೊಬ್ಬರು 'ಸೂ' ಅನ್ನುತ್ತಾರೆ. ತ, ಸ, ಹ ಈ ಮೂರರ ನಡುವೆ ಎಷ್ಟೋ ಪದಗಳ ಮೊದಲಕ್ಷರ ಸೀಮೆಗೆ ತಕ್ಕಂತೆ, ಜಾತಿಗೆ ತಕ್ಕಂತೆ ಹೊರಳುತ್ತದೆ. ತುಳುನಾಡಿನಲ್ಲಿ ಒಬ್ಬ ಮನುಷ್ಯನ ಜಾತಿ ತಿಳಿಯಲು ಹೆಸರು ಕೇಳಬೇಕಾಗಿಲ್ಲ. ಎರಡು ವಾಕ್ಯ ಆಡಿಸಿದರೆ ಸಾಕು.

ಇದು ನನಗೆ ಪುಸ್ತಕದಿಂದ ಗೊತ್ತಾದ ಸಂಗತಿಯಲ್ಲ. ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ತುಳು ಮಾತಾಡಿದ್ದಕ್ಕೆ ಎಲ್ಲ ಮಕ್ಕಳಿಗೂ ಪೆಟ್ಟು ಬೀಳುತ್ತಿತ್ತು. ನಮ್ಮ ಕೇರಿಯ ಮಕ್ಕಳಿಗೆ ಪೆಟ್ಟಿನ ಜೊತೆ ನಗೆಯೂ ಬೀಳುತ್ತಿತ್ತು. ನಾವು ಆಡಿದ ಪದವನ್ನು ಮಾಸ್ಟ್ರು ಇಡೀ ಕ್ಲಾಸಿಗೆ ಕೇಳುವ ಹಾಗೆ ಒಂದು ಸಲ ಎಳೆದು ಹೇಳುತ್ತಿದ್ದರು. ಅಷ್ಟೇ. ಮತ್ತೆ ಆ ಪದ ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಪೆಟ್ಟು ಮರೆತುಹೋಗುತ್ತದೆ ಮಾರಾಯ್ರೆ, ನಗೆ ಮರೆಯುವುದಿಲ್ಲ. ಹೀಗೆ ಎಷ್ಟು ಪದಗಳು ನಮ್ಮ ನಾಲಗೆಯಿಂದ ಉದುರಿದವೋ ಲೆಕ್ಕ ಇಟ್ಟವರಿಲ್ಲ.

ಲೆಕ್ಕ ಇಟ್ಟದ್ದು ತುಳು ನಿಘಂಟು. ಮುಂದೆ ಕಾಲೇಜು ದಿನಗಳಲ್ಲಿ ಉಡುಪಿಯಲ್ಲಿ ಅದರ ಸಂಪುಟಗಳನ್ನು ತೆರೆದು ನೋಡಿದಾಗ ನನಗೆ ಆಶ್ಚರ್ಯವಾದದ್ದು ಪದಗಳ ಸಂಖ್ಯೆಯಿಂದಲ್ಲ, ಪದಗಳ ಪಂಕ್ತಿಯಿಂದ. ಒಂದೇ ಪದದ ಬೇರೆ ಬೇರೆ ರೂಪಗಳು ಒಂದರ ಪಕ್ಕ ಒಂದು ಕೂತಿವೆ. ಮಠದ ಬೀದಿಯ ರೂಪ, ಬಂಟ-ಬಿಲ್ಲವರ ರೂಪ, ನಮ್ಮ ಕೇರಿಯ ರೂಪ. ಅರ್ಥ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ತಮಿಳು, ಮಲಯಾಳ, ಕೊಡವ ಮುಂತಾದ ಸೋದರ ನುಡಿಗಳಲ್ಲಿ ಅದರ ನೆಂಟ ಪದ ಯಾವುದು ಎಂಬ ಸೂಚನೆಯೂ ಇದೆ. ಊಟದ ಪಂಕ್ತಿಯಲ್ಲಿ ಭೇದ ಮಾಡಿದ ಊರಿನಲ್ಲಿ ಪದಗಳ ಪಂಕ್ತಿಗೆ ಭೇದ ಇಲ್ಲ! ಬೈಲು, ಮಜಲು, ಬೆಟ್ಟು ಎಂಬ ಗದ್ದೆಯ ಬಗೆಗಳು. ಏಣೆಲು, ಸುಗ್ಗಿ, ಕೊಳಕೆ ಎಂಬ ಬೆಳೆಗಳು. ನೇಜಿ, ಮುಡಿ, ಮುಟ್ಟಾಳೆ, ಕುರುವೆ, ತಡ್ಪೆ — ಇವೆಲ್ಲ ಕೆಲಸ ಮಾಡುವ ಕೈಗಳ ಪದಗಳು. ಉತ್ತವರು, ನಟ್ಟವರು, ಬುಟ್ಟಿ ಹೆಣೆದವರು ಈ ಪದಗಳನ್ನು ಬಳಸಿ ಬಳಸಿ ನುಣುಪು ಮಾಡಿದ್ದಾರೆ. ಇವನ್ನು ತೆಗೆದರೆ ತುಳುವಿನಲ್ಲಿ ಉಳಿಯುವುದು ಎಷ್ಟು?

ನಿಘಂಟು ಶುರುವಾದ ಕಾಲವನ್ನೂ ನೋಡಬೇಕು. 1974ರ ಭೂಸುಧಾರಣೆ ತುಳುನಾಡನ್ನು ಅಲ್ಲಾಡಿಸಿತು. ಗೇಣಿ ಒಕ್ಕಲುಗಳು ಭೂಮಿಯ ಒಡೆಯರಾದರು. ಆದರೆ ಗೇಣಿಚೀಟಿಯೇ ಇಲ್ಲದ ಮೂಲದಾಳುಗಳಿಗೆ, ಕೂಲಿಯವರಿಗೆ ಹೆಚ್ಚೆಂದರೆ ಮನೆ ಅಡಿಯ ಜಾಗ. ಮುಂದೆ ಗದ್ದೆಗಳು ತೋಟಗಳಾದವು, ತೋಟಗಳು ಸೈಟುಗಳಾದವು. ನನ್ನ ಅಮ್ಮ ನೇಜಿ ನೆಡುವಾಗ 'ಓ ಬೇಲೆ' ಹೇಳುತ್ತಿದ್ದ ಬೈಲಿನಲ್ಲಿ ಈಗ ಗದ್ದೆಯೂ ಇಲ್ಲ, ಹಾಡೂ ಇಲ್ಲ. ಭೂಮಿ ನಮ್ಮದಾಗಲಿಲ್ಲ, ಭೂಮಿಯ ಪದಗಳು ಮಾತ್ರ ನಮ್ಮವಾಗಿದ್ದವು, ಅವೂ ಹೋಗುವ ಹೊತ್ತಿಗೆ ಉಪಾಧ್ಯಾಯರೂ ಅವರ ಜೊತೆಗಾರರೂ ಬಂದು ಬರೆದುಕೊಂಡರು. ಇದಕ್ಕೆ ಕೃತಜ್ಞತೆ ಹೇಳಲು ನನಗೆ ಸಂಕೋಚವಿಲ್ಲ.

4

ಆದರೆ ವಿಮರ್ಶೆ ಕೃತಜ್ಞತೆಯಲ್ಲಿ ಮುಗಿಯಬಾರದು. ಹಳೆಯ ತುಳುವಿನ ಲಿಖಿತ ಕಾವ್ಯಗಳು, ಅಂದರೆ 'ಶ್ರೀ ಭಾಗವತೊ', 'ಕಾವೇರಿ' ಮುಂತಾದವು, ಬ್ರಾಹ್ಮಣ ಮನೆಗಳ ತಾಳೆಗರಿಯಲ್ಲಿ ಉಳಿದವು. ಅವು ಕೈಬೆರಳಲ್ಲಿ ಎಣಿಸುವಷ್ಟು. ತುಳುವಿನ ನಿಜವಾದ ಸಂಪತ್ತು ಪಾಡ್ದನ. ಅದನ್ನು ತಲೆಮಾರುಗಳಿಂದ ಹೊತ್ತವರು ಭೂತ ಕಟ್ಟುವ ನಲಿಕೆ, ಪಂಬದ, ಪರವ ಸಮುದಾಯದವರು. ಗದ್ದೆಯಲ್ಲಿ ಹಾಡುವ ಹೆಂಗಸರು. ಭೂತಾರಾಧನೆಯನ್ನು ಆಚರಣಾತ್ಮಕ ರಂಗಭೂಮಿಯಾಗಿ ನೋಡುವ ಪುಸ್ತಕವೊಂದನ್ನು ಉಪಾಧ್ಯಾಯರು ತಮ್ಮ ಪತ್ನಿ ಡಾ. ಸುಶೀಲಾ ಉಪಾಧ್ಯಾಯರ ಜೊತೆ 1984ರಲ್ಲೇ ತಂದಿದ್ದರು. ಸುಶೀಲಾ ಅವರು ಬ್ಯಾರಿ ಭಾಷೆಯ ಬಗ್ಗೆ ಕೆಲಸ ಮಾಡಿದ ಭಾಷಾವಿಜ್ಞಾನಿ. ಗಂಡನ ಹೆಸರಿನ ಹಿಂದೆ ಅವರ ಹೆಸರು ಮರೆಯಾಗುವುದೂ ನಮ್ಮ ವಿದ್ವತ್ತಿನ ಹಳೆಯ ರೋಗವೇ.

ಪಾಡ್ದನ ಏನು ಮಾಡುತ್ತದೆ ಎಂಬುದಕ್ಕೆ ಕಾರ್ಕಳಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಅಲ್ಲಿನ ಗೊಮ್ಮಟನನ್ನು ನಿಲ್ಲಿಸಿದವನು ವೀರಪಾಂಡ್ಯ, ವರ್ಷ 1432. ಇದು ಶಾಸನದ ಮಾತು. ಕಲ್ಕುಡ-ಕಲ್ಲುರ್ಟಿಯ ಪಾಡ್ದನ ಇನ್ನೊಂದು ಮಾತು ಹೇಳುತ್ತದೆ. ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಬೇರೆಲ್ಲೂ ಅಂಥದ್ದನ್ನು ಕೆತ್ತಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಶಿಲ್ಪಿ ಉಳಿದ ಕೈಯಲ್ಲೇ ವೇಣೂರಿನಲ್ಲಿ ಇನ್ನೊಂದು ಗೊಮ್ಮಟನನ್ನು ಕೆತ್ತುತ್ತಾನೆ. ಅಣ್ಣ-ತಂಗಿ ದೈವಗಳಾಗಿ ಅರಸನ ಮೇಲೆ ಸೇಡು ತೀರಿಸುತ್ತಾರೆ. ಇದು ನಡೆದದ್ದು ಹೌದೋ ಅಲ್ಲವೋ ಎಂಬುದು ಇತಿಹಾಸಕಾರರ ಜಗಳ. ನನಗೆ ಮುಖ್ಯವಾದದ್ದು, ಕಲ್ಲಿನ ಅಕ್ಷರ ಯಾರನ್ನು ನೆನೆಯಿತು, ಬಾಯಿಯ ಮಾತು ಯಾರನ್ನು ನೆನೆಯಿತು ಎಂಬುದು. ಅಕ್ಷರ ಕಲಿಯಬಾರದು ಅಂತ ಹೊರಗಿಟ್ಟ ಜನವೇ ಕೈ ಕಳೆದುಕೊಂಡವನ ನೆನಪನ್ನು ಕಾದಿಟ್ಟರು.

ಈ ಬಾಯಿಗಳಿಂದ ಪದಗಳು ನಿಘಂಟಿಗೆ ಹೋದವು. ನಿಘಂಟಿನ ನಮೂದಿನಲ್ಲಿ ಪದದ ಸೀಮೆ ಸಿಗುತ್ತದೆ, ಪದದ ಸಮುದಾಯ ಸಿಗುತ್ತದೆ. ಪದ ಕೊಟ್ಟವಳ ಹೆಸರು ಸಿಗುವುದಿಲ್ಲ. 'ಎಲ್ಲ ನಿಘಂಟೂ ಹಾಗೇ ಅಲ್ವಾ?' ಅಂತ ಕೇಳಬಹುದು. ಹೌದು, ಹಾಗೇ. ಆದರೆ ನಿಘಂಟುಗಳು ಕವಿಯ ಪದಕ್ಕೆ ಕವಿಯ ಹೆಸರು ಹಾಕುತ್ತವೆ. ಪಂಪ ಬಳಸಿದ ಪದಕ್ಕೆ ಪಂಪ ಸಾಕ್ಷಿ. ನೇಜಿ ನೆಡುವವಳು ಬಳಸಿದ ಪದಕ್ಕೆ ಅವಳ ಜಾತಿ ಸಾಕ್ಷಿ. ಬರೆದವನು ಕರ್ತೃ, ಹಾಡಿದವಳು ಮಾಹಿತಿದಾರಳು: ಈ ವಿಂಗಡಣೆ ಉಪಾಧ್ಯಾಯರು ಮಾಡಿದ್ದಲ್ಲ, ಅವರ ಶಾಸ್ತ್ರವೇ ಕೊಟ್ಟದ್ದು. ಇದು ಬದಲಾಗಬಲ್ಲದು ಎಂಬುದಕ್ಕೆ ನಮ್ಮಲ್ಲೇ ಪುರಾವೆ ಇದೆ. ಫಿನ್ಲೆಂಡಿನ ಲೌರಿ ಹಾಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಅವರೊಡನೆ ಸಿರಿ ಪಾಡ್ದನವನ್ನು 1998ರಲ್ಲಿ ಅಚ್ಚು ಹಾಕಿದಾಗ ಅದನ್ನು ಹಾಡಿದ ಗೋಪಾಲ ನಾಯ್ಕರ ಹೆಸರು ಪುಸ್ತಕದ ತಲೆಬರಹದಲ್ಲೇ ಬಂತು.

5

ಇಲ್ಲಿ ತಮಿಳಿನ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಭಾಷಾಭಿಮಾನ ಅಂದ ಕೂಡಲೇ ನಮ್ಮವರು ತಮಿಳರನ್ನು ತೋರಿಸುತ್ತಾರೆ: ನೋಡಿ, ಅವರನ್ನು ನೋಡಿ ಕಲಿಯಿರಿ. ಕಲಿಯೋಣ. ಆದರೆ ಯಾರಿಂದ? ತಮಿಳಿಗಾಗಿ ದುಡಿದವರಲ್ಲಿ ಅಯೋತಿದಾಸ ಪಂಡಿತರು (1845-1914) ಒಬ್ಬರು, ಪರೈಯ ಸಮುದಾಯದವರು. 1907ರಲ್ಲಿ ಅವರು 'ಒರು ಪೈಸಾ ತಮಿಳನ್' ಎಂಬ ವಾರಪತ್ರಿಕೆ ಶುರುಮಾಡಿದರು. ತಮಿಳಿನ ಹಳೆಯ ಗ್ರಂಥಗಳನ್ನು ಬೌದ್ಧರ ಗ್ರಂಥಗಳಾಗಿ ಓದಿದರು, ಇಂದು ಅಸ್ಪೃಶ್ಯರೆನಿಸಿಕೊಂಡವರು ಮೂಲದಲ್ಲಿ ಬೌದ್ಧರು ಎಂದು ವಾದಿಸಿದರು. ತಿರುಕ್ಕುರಳಿನ ಓಲೆಗರಿ ಎಲ್ಲಿಸ್ ಎಂಬ ಇಂಗ್ಲಿಷ್ ಅಧಿಕಾರಿಯ ಕೈಸೇರಿದ್ದು ತನ್ನ ಅಜ್ಜನಿಂದ ಎಂದೂ ಬರೆದರು. ಅವರ ಬರಹಗಳನ್ನು ಉಳಿಸಿ ಅಚ್ಚು ಹಾಕಿದ್ದರಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ತಮಿಳು ಬೌದ್ಧರ ಪಾಲು ದೊಡ್ಡದು. ಅಯೋತಿದಾಸರ ಎಲ್ಲ ವಾದಗಳನ್ನೂ ಒಪ್ಪಬೇಕಾಗಿಲ್ಲ. ಮುಖ್ಯ ಸಂಗತಿ ಅಲ್ಲಿ ದಲಿತನೇ ಪಂಡಿತ, ದಲಿತನೇ ಸಂಪಾದಕ. ಭಾಷೆಯ ಚರಿತ್ರೆಯನ್ನು ಹೇಳುವ ಹಕ್ಕು ತನಗಿದೆ ಎಂದು ಅವನೇ ಕಸಿದುಕೊಂಡ. ತುಳುವಿನಲ್ಲಿ ನಾವು ಆಕರವಾದೆವು. ಸಂಪಾದಕರಾಗಲಿಲ್ಲ.

ಉಪಾಧ್ಯಾಯರ ಬದುಕಿನ ಇನ್ನೊಂದು ಅಧ್ಯಾಯವೂ ಇದಕ್ಕೆ ತಾಳೆಯಾಗುತ್ತದೆ. 1970ರ ದಶಕದಲ್ಲಿ ಅವರು ಆಫ್ರಿಕಾದ ಸೆನೆಗಲ್ ದೇಶದ ಡಕಾರ್ ವಿಶ್ವವಿದ್ಯಾಲಯದಲ್ಲಿದ್ದರು. ಕವಿಯೂ ಆಗಿದ್ದ ಅಲ್ಲಿನ ಅಧ್ಯಕ್ಷ ಸೆಂಗೋರ್ ಕಪ್ಪುತನವನ್ನು ಹೆಮ್ಮೆಯಾಗಿ ಹೇಳಿದ 'ನೆಗ್ರಿಟ್ಯೂಡ್' ಚಿಂತನೆಯ ಹಿರಿಯ. ದ್ರಾವಿಡರೂ ಆಫ್ರಿಕನ್ನರೂ ನೆಂಟರು ಎಂದು ನಂಬಿದ್ದವರು. ಉಪಾಧ್ಯಾಯ ದಂಪತಿಗಳು ಈ ನಂಟಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ಈ ನಂಟನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಿಲ್ಲ. ನನ್ನ ತಕರಾರು ಬೇರೆ. ಅದೇ ದಶಕದಲ್ಲಿ, 1972ರಲ್ಲಿ, ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿತು; ಅಮೆರಿಕದ ಕಪ್ಪು ಜನರ ಹೋರಾಟದಿಂದ ಹೆಸರು ಪಡೆಯಿತು. ಅವರಿಗೆ ಕಪ್ಪು ಜನ ನೆಂಟರಾದದ್ದು ಧಾತುಗಳ ಹೋಲಿಕೆಯಿಂದಲ್ಲ, ಅವಮಾನದ ಹೋಲಿಕೆಯಿಂದ. ಮಜೂರಿನಿಂದ ಡಕಾರಿಗೆ ಹೋಗಿ ನೆಂಟಸ್ತನ ಹುಡುಕಿದ ವಿದ್ವತ್ತು ಮಜೂರಿನ ಬೇಲಿಯಾಚೆಯ ನೆಂಟಸ್ತನದ ಬಗ್ಗೆ ಅಷ್ಟೇ ಗಟ್ಟಿಯಾಗಿ ಮಾತಾಡಿದ್ದರೆ? ಈ ಪ್ರಶ್ನೆಯನ್ನು ನಾನು ಒಬ್ಬ ವ್ಯಕ್ತಿಗೆ ಕೇಳುತ್ತಿಲ್ಲ, ಒಂದು ಇಡೀ ದ್ರಾವಿಡ ಅಧ್ಯಯನದ ಪರಂಪರೆಗೆ ಕೇಳುತ್ತಿದ್ದೇನೆ. ದ್ರಾವಿಡ ಎಂಬುದು ಬರೀ ಭಾಷಾಕುಟುಂಬ ಆದಾಗ ಅದರೊಳಗೆ ಜಾತಿ ಹಾಯಾಗಿ ಮಲಗಿಕೊಳ್ಳುತ್ತದೆ.

6

ಇಂದಿನ ತುಳು ಚಳವಳಿಗೂ ಈ ಓದಿಗೂ ಏನು ಸಂಬಂಧ? ಬಹಳ ಇದೆ. 2011ರ ಜನಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತುಳುವನ್ನು ತಾಯಿನುಡಿಯೆಂದು ಬರೆಸಿದ್ದಾರೆ. 1994ರಲ್ಲಿ ಅಕಾಡೆಮಿ ಬಂತು. ಎಂಟನೇ ಪರಿಚ್ಛೇದಕ್ಕೆ ಸೇರಬೇಕೆಂಬ ಬೇಡಿಕೆ ಇನ್ನೂ ಈಡೇರಿಲ್ಲ. ನಾನು ಆ ಬೇಡಿಕೆಯ ಪರ. ಆದರೆ ಚಳವಳಿಯ ಉತ್ಸಾಹ ಈಗ ಹೆಚ್ಚಾಗಿ ಲಿಪಿಯ ಸುತ್ತ ತಿರುಗುತ್ತಿದೆ. ತಿಗಳಾರಿ ಎಂದೂ ಕರೆಯುವ ಆ ಲಿಪಿ 2024ರಲ್ಲಿ ಯುನಿಕೋಡಿಗೂ ಸೇರಿತು. ಆ ಲಿಪಿಯನ್ನು ಮುಖ್ಯವಾಗಿ ಬಳಸಿದವರು ಸಂಸ್ಕೃತ ಗ್ರಂಥ ಬರೆದ ಬ್ರಾಹ್ಮಣರು. ಅದರ ಒಂದು ಅಕ್ಷರವನ್ನೂ ನಮ್ಮ ಅಜ್ಜ-ಅಜ್ಜಿಯರಿಗೆ ಮುಟ್ಟಲು ಬಿಡಲಿಲ್ಲ. 2003ರಲ್ಲಿ ಸಂತಾಲಿ ಎಂಟನೇ ಪರಿಚ್ಛೇದಕ್ಕೆ ಸೇರಿತು. ಅದರ ಓಲ್ ಚಿಕಿ ಲಿಪಿಯನ್ನು 1925ರಲ್ಲಿ ರೂಪಿಸಿದವರು ಆದಿವಾಸಿ ಸಮುದಾಯದ ರಘುನಾಥ ಮುರ್ಮು. ಅದು ಕೆಳಗಿನಿಂದ ಎದ್ದ ಲಿಪಿ. ನಮ್ಮದು ಮೇಲಿನಿಂದ ಇಳಿಯುತ್ತಿರುವ ಲಿಪಿ. ಯಾರಾದರೂ ಕಲಿಯಲಿ, ಬೋರ್ಡಿನ ಮೇಲೆ ಬರೆಯಲಿ, ಬೇಡ ಅನ್ನುವುದಿಲ್ಲ. ಆದರೆ 'ಇದೇ ತುಳುವರ ಅಸ್ಮಿತೆ' ಅಂದರೆ, ಯಾವ ತುಳುವರು ಅಂತ ಕೇಳಬೇಕಾಗುತ್ತದೆ. ಉಪಾಧ್ಯಾಯರ ನಿಘಂಟು ಬಾಯಿಯಿಂದ ಶುರುವಾಯಿತು, ಪದಗಳನ್ನು ಕನ್ನಡ ಅಕ್ಷರದಲ್ಲಿ ಬರೆಯಿತು, ಯಾರೂ ಓದಬಹುದಾಗಿತ್ತು. ಇವತ್ತಿನ ಮಣಿಪಾಲದಲ್ಲಿ ತುಳು ಉಳಿದಿರುವುದು ತಾಳೆಗರಿಯಲ್ಲಲ್ಲ. ರಿಕ್ಷಾ ಸ್ಟ್ಯಾಂಡಿನಲ್ಲಿ, ಮೀನಿನ ಬುಟ್ಟಿಯ ಸುತ್ತ, ಕಟ್ಟಡದ ಸಾರ್ವೆಯ ಮೇಲೆ.

ಕಡೆಯದಾಗಿ ಒಂದು ಪದ: ಅಜಲು. ಭೂತ ಕಟ್ಟುವವರಿಗೆ ಅದು ಹಕ್ಕು. ಇಂಥ ಊರಿನಲ್ಲಿ ಕೋಲ ಕಟ್ಟುವುದು ಇಂಥ ಮನೆಯವರು ಎಂಬ ವಂಶಪಾರಂಪರ್ಯದ ಹಕ್ಕು. ಕೊರಗರಿಗೆ ಅದೇ ಪದ ಶಾಪ. ಮೇಲುಜಾತಿಯವರ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಪದ್ಧತಿಯ ಹೆಸರು. ಸರ್ಕಾರದ ಪಟ್ಟಿಯಲ್ಲಿ ಬುಡಕಟ್ಟು, ಊರಿನ ಬೀದಿಯಲ್ಲಿ ಅಸ್ಪೃಶ್ಯರು ಆದ ಕೊರಗರಿಗಾಗಿ ಕರ್ನಾಟಕ 2000ದಲ್ಲಿ ಅಜಲು ನಿಷೇಧದ ಕಾನೂನು ಮಾಡಿತು. ನಿಘಂಟಿನ ಕೊನೆಯ ಸಂಪುಟ ಬಂದದ್ದು 1997ರಲ್ಲಿ. ಅಂದರೆ ಈ ಪದಕ್ಕೆ ಅಪರಾಧ ಎಂಬ ಅರ್ಥ ಬಂದದ್ದು ನಿಘಂಟು ಮುಗಿದ ಮೂರು ವರ್ಷಕ್ಕೆ. ಆ ಅರ್ಥವನ್ನು ಯಾವ ಪಂಡಿತರೂ ಕೊಡಲಿಲ್ಲ. ಕೊರಗರ ಸಂಘಟನೆ ಕೊಟ್ಟಿತು, ಹೋರಾಟ ಕೊಟ್ಟಿತು.

ಹೀಗಾಗಿ ಉಪಾಧ್ಯಾಯರನ್ನು ಗೌರವಿಸುವ ಕೆಲಸವನ್ನು ಮಾಲೆ ಹಾಕುವವರಿಗೆ ಬಿಡುವುದು ಬೇಡ. ಅದನ್ನು ನಾವು ಕೈಗೆ ತಗೊಳ್ಳಬೇಕು. ಮುಂಡಾಲ, ಮನ್ಸ, ಮೇರ, ನಲಿಕೆ, ಪಂಬದ, ಪರವ, ಕೊರಗ ಸಮುದಾಯಗಳಿಂದ ಬಂದ ಎಂ.ಎ. ಓದಿದ ಹುಡುಗ ಹುಡುಗಿಯರು ಈಗ ಉಡುಪಿಯಲ್ಲೂ ಕಾರ್ಕಳದಲ್ಲೂ ಇದ್ದಾರೆ. ಅವರು ಆ ಆರು ಸಂಪುಟಗಳನ್ನು ತಮ್ಮ ಕೇರಿಗೆ ತಗೊಂಡು ಹೋಗಿ ಹಿರಿಯರ ಎದುರು ಓದಲಿ. ಬಿಟ್ಟುಹೋದ ಪದ ಸೇರಿಸಲಿ, ಮೆತ್ತಗಾದ ಅರ್ಥಗಳನ್ನು ಚೂಪು ಮಾಡಲಿ, ಒಂದೊಂದು ಪದದ ಮುಂದೆ ಅದನ್ನು ಹೇಳಿದವಳ ಹೆಸರು ಬರೆಯಲಿ. ಏಳನೆಯ ಸಂಪುಟ ಬರೆಯಬೇಕಾದದ್ದು ಅಲ್ಲಿ.